ನೈಟ್ರೈಟ್ ಎಲ್ಲಿಂದ ಬಂತು: ವೆರ್ಣಾದಲ್ಲಿ ಒಂದು ಮಾತ್ರೆಯ ನೈಟ್ರೊಸಮೀನ್ ತನಿಖೆ

ಔಷಧದ ಅಣುವಿನಲ್ಲಿರುವ ಅಮೀನ್ ಎಂಬ ಸಾರಜನಕದ ಗುಂಪಿಗೆ, ಮಾತ್ರೆಯ ಇತರ ಸಾಮಾನಿನಲ್ಲಿ ಕಲ್ಮಶವಾಗಿ ಬಂದ ನೈಟ್ರೈಟ್ ತಾಗಿದರೆ ನೈಟ್ರೊಸಮೀನ್ ಹುಟ್ಟುತ್ತದೆ; ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪು ಇದು. ಗೋವಾದ ವೆರ್ಣಾದಲ್ಲಿರುವ ನಮ್ಮ ಔಷಧ ಕಾರ್ಖಾನೆಯಲ್ಲಿ ಆ ನೈಟ್ರೈಟ್ ಹುಡುಕಿದ ಕತೆ ಇದು. ಲೆಕ್ಕದಿಂದಲೇ ಶುರು ಮಾಡುತ್ತೇವೆ. ಈ ಕೆಲಸದಲ್ಲಿ ಯಂತ್ರ ಆನ್ ಮಾಡುವ ಮೊದಲೇ ಅರ್ಧ ಉತ್ತರ ಕಾಗದದ ಮೇಲೆ ಸಿಗುತ್ತದೆ. ನಮ್ಮ ಕೈಯಲ್ಲಿದ್ದದ್ದು 200 ಮಿಲಿಗ್ರಾಂ ತೂಗುವ ಒಂದು ಮಾತ್ರೆ. ಅದರಲ್ಲಿ 40 ಮಿಲಿಗ್ರಾಂ ಪ್ರೊಪ್ರನೊಲಾಲ್ ಹೈಡ್ರೋಕ್ಲೋರೈಡ್, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಔಷಧ. ಉಳಿದದ್ದು ಲ್ಯಾಕ್ಟೋಸ್ 84, ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ 60, ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್ 8, ಪೋವಿಡೋನ್ 6, ಮೆಗ್ನೀಸಿಯಂ ಸ್ಟಿಯರೇಟ್ 2. ಅಂದರೆ ಔಷಧವಲ್ಲದ ಸಾಮಾನು 160 ಮಿಲಿಗ್ರಾಂ. ಆ 160ರಲ್ಲಿ ಸರಾಸರಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ನೈಟ್ರೈಟ್ ಇದೆ ಎಂದಿಟ್ಟುಕೊಳ್ಳಿ. ಒಂದು ಮಾತ್ರೆಗೆ 160 ನ್ಯಾನೊಗ್ರಾಂ ನೈಟ್ರೈಟ್ ಆಯಿತು, ಅಂದರೆ ಸುಮಾರು 3.5 ನ್ಯಾನೊಮೋಲ್. ಅಷ್ಟೂ ಔಷಧದ ಅಮೀನಿಗೆ ಅಂಟಿಕೊಂಡರೆ ಹುಟ್ಟುವ ಎನ್-ನೈಟ್ರೊಸೊ-ಪ್ರೊಪ್ರನೊಲಾಲ್ ಸುಮಾರು 1000 ನ್ಯಾನೊಗ್ರಾಂ. ಅಮೆರಿಕದ ಲೇಬಲ್ ಪ್ರಕಾರ ಈ ಔಷಧ ಕೆಲವರಿಗೆ ದಿನಕ್ಕೆ 640 ಮಿಲಿಗ್ರಾಂವರೆಗೂ ಬೇಕಾಗಬಹುದು, ಅಂದರೆ ನಮ್ಮ 16 ಮಾತ್ರೆ. ಒಟ್ಟು 16,000 ನ್ಯಾನೊಗ್ರಾಂ. ಈ ನೈಟ್ರೊಸಮೀನಿಗೆ ದಿನಕ್ಕೆ ಸ್ವೀಕಾರಾರ್ಹ ಮಿತಿ 1500 ನ್ಯಾನೊಗ್ರಾಂ. ಹಾಗಾದರೆ ಇದ್ದ ನೈಟ್ರೈಟಿನಲ್ಲಿ ಶೇ. 9.4 ಭಾಗ ಪ್ರತಿಕ್ರಿಯೆಗೆ ಇಳಿದರೂ ಸಾಕು, ಮಾತ್ರೆ ಮಿತಿಗೆ ಬಂದು ನಿಲ್ಲುತ್ತದೆ.

ಈ ಒಂದು ಪ್ಯಾರಾ ಬರೆದು ಗೋಡೆಗೆ ಅಂಟಿಸಿದ ಮೇಲೆ ಪ್ರೊಡಕ್ಷನ್‌ನವರೂ ಪರ್ಚೇಸ್‌ನವರೂ ನಮ್ಮ ಮಾತಿಗೆ ಕಿವಿಗೊಟ್ಟರು. ಅಲ್ಲಿಯವರೆಗೆ ‘1 ಪಿಪಿಎಂ ಅಂದರೆ ಏನೂ ಇಲ್ಲ’ ಅನ್ನುವುದೇ ಎಲ್ಲರ ನಂಬಿಕೆಯಾಗಿತ್ತು.

ಹಿನ್ನೆಲೆ ಚುಟುಕಾಗಿ. 2018ರ ಜುಲೈನಲ್ಲಿ ವಾಲ್ಸಾರ್ಟನ್ ಮಾತ್ರೆಗಳಲ್ಲಿ ಎನ್‌ಡಿಎಂಎ ಎಂಬ ನೈಟ್ರೊಸಮೀನ್ ಸಿಕ್ಕಿತು. ಮರುವರ್ಷ ರಾನಿಟಿಡಿನ್, 2020ರಲ್ಲಿ ನಿಧಾನ ಬಿಡುಗಡೆಯ ಮೆಟ್‌ಫಾರ್ಮಿನ್. ಅಲ್ಲಿ ಸಿಕ್ಕಿದ್ದು ಸಣ್ಣ ಅಣುಗಳು. ಆಮೇಲೆ ಬೇರೆಯೇ ಜಾತಿ ತಲೆ ಎತ್ತಿತು: ಔಷಧದ ಅಣುವೇ ನೈಟ್ರೊಸೊ ಗುಂಪನ್ನು ಹೊತ್ತು ನಿಲ್ಲುವುದು. 2021ರಲ್ಲಿ ವರೆನಿಕ್ಲಿನ್, 2022ರಲ್ಲಿ ಕ್ವಿನಾಪ್ರಿಲ್, ಅದೇ ವರ್ಷ ಕೆನಡಾದಲ್ಲಿ ದೀರ್ಘಾವಧಿ ಪ್ರೊಪ್ರನೊಲಾಲ್ ಕ್ಯಾಪ್ಸೂಲ್. ಇದನ್ನು ಎನ್‌ಡಿಎಸ್‌ಆರ್‌ಐ ಅನ್ನುತ್ತಾರೆ. ಸೆಕೆಂಡರಿ ಅಮೀನ್ (ಎರಡು ಇಂಗಾಲ, ಒಂದು ಹೈಡ್ರೋಜನ್ ಅಂಟಿದ ಸಾರಜನಕ) ಇರುವ ಔಷಧವೆಂದರೆ ಅನುಮಾನ ಅಲ್ಲಿಂದಲೇ ಶುರು. ಬೀಟಾ ಬ್ಲಾಕರ್‌ಗಳಲ್ಲಿ ಬಹುಪಾಲು ಈ ಗುಂಪಿನವೇ. ಇದನ್ನು ಓದಿ ಯಾರೂ ತಮ್ಮ ಮಾತ್ರೆ ನಿಲ್ಲಿಸಬೇಡಿ. ಮಿತಿಯನ್ನು ಹಾಕಿರುವುದು 70 ವರ್ಷ ದಿನವೂ ನುಂಗಿದರೆ ಲಕ್ಷಕ್ಕೆ ಒಬ್ಬರಿಗೆ ಹೆಚ್ಚುವರಿ ಅಪಾಯ ಅನ್ನುವ ಲೆಕ್ಕದಲ್ಲಿ. ಬೀಟಾ ಬ್ಲಾಕರ್ ಥಟ್ಟನೆ ಬಿಟ್ಟರೆ ಬರುವ ಅಪಾಯಕ್ಕೆ ಅಷ್ಟು ವರ್ಷ ಬೇಕಿಲ್ಲ.

1500 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಎಂದು ಹೊಸದಾಗಿ ಸೇರಿದ ಎಂ.ಫಾರ್ಮ್ ಹುಡುಗರು ಕೇಳುತ್ತಲೇ ಇರುತ್ತಾರೆ. 2023ರಲ್ಲಿ ಔಷಧ ನಿಯಂತ್ರಕರಾದ ಯುರೋಪಿನ ಇಎಂಎ ಜುಲೈನಲ್ಲೂ ಅಮೆರಿಕದ ಎಫ್‌ಡಿಎ ಆಗಸ್ಟ್‌ನಲ್ಲೂ ಸಿಪಿಸಿಎ ಎಂಬ ಪದ್ಧತಿಯನ್ನು ಹೊರತಂದವು. ಪ್ರಾಣಿ ಪ್ರಯೋಗದ ದತ್ತಾಂಶ ಇಲ್ಲದ ನೈಟ್ರೊಸಮೀನಿಗೆ ಅದರ ರಚನೆ ನೋಡಿಯೇ ಅಂಕ ಹಾಕುವ ವಿಧಾನ ಅದು. ಮೊದಲು ನೈಟ್ರೊಸೊ ಸಾರಜನಕದ ಎರಡೂ ಪಕ್ಕದ ಇಂಗಾಲಗಳ ಮೇಲೆ ಎಷ್ಟು ಹೈಡ್ರೋಜನ್ ಇವೆ ಎಂದು ಎಣಿಸಬೇಕು. ಪ್ರೊಪ್ರನೊಲಾಲಿನಲ್ಲಿ ಒಂದು ಕಡೆ 2, ಐಸೊಪ್ರೊಪೈಲ್ ಕಡೆ 1. ಈ ಜೋಡಿಗೆ 3 ಅಂಕ. ಒಂದು ಪಕ್ಕದಲ್ಲಿ ಬೀಟಾ ಸ್ಥಾನದ ಹೈಡ್ರಾಕ್ಸಿಲ್ ಇದೆ, ಅದು ಚುರುಕು ತಗ್ಗಿಸುವ ಲಕ್ಷಣ, ಇನ್ನೊಂದು ಅಂಕ. ಒಟ್ಟು 4. ಅಂದರೆ 4ನೇ ವರ್ಗ, ದಿನಕ್ಕೆ 1500 ನ್ಯಾನೊಗ್ರಾಂ. 3ನೇ ವರ್ಗವಾಗಿದ್ದರೆ 400, 2ನೆಯದಾಗಿದ್ದರೆ 100. ಒಂದನೇ ವರ್ಗದಲ್ಲಿ ಅಮೆರಿಕ 26.5 ಅನ್ನುತ್ತದೆ, ಯುರೋಪು 18 ಅನ್ನುತ್ತದೆ. ಒಂದೇ ಒಂದು ಹೈಡ್ರಾಕ್ಸಿಲ್ ನಮ್ಮನ್ನು 400ರಿಂದ 1500ಕ್ಕೆ ಎತ್ತಿತು. ಕಠಿಣ ವರ್ಗದಲ್ಲಿ ಸಿಕ್ಕಿಬಿದ್ದವರು ವರ್ಧಿತ ಏಮ್ಸ್ ಪರೀಕ್ಷೆಗೆ ಹೋಗುತ್ತಾರೆ; ವಸ್ತು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಕೆಡಿಸುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಇಲಿ ಮತ್ತು ಹ್ಯಾಮ್‌ಸ್ಟರ್ ಪಿತ್ತಜನಕಾಂಗದಿಂದ ತೆಗೆದ ಎಸ್9 ಎಂಬ ಕಿಣ್ವಗಳ ಸಾರ ಶೇ. 30, ಬ್ಯಾಕ್ಟೀರಿಯಾದೊಂದಿಗೆ ಮೊದಲೇ 30 ನಿಮಿಷ ಇಡುವುದು, ಐದು ತಳಿ. ನಮಗೆ ಆ ದಾರಿ ಬೇಕಾಗಲಿಲ್ಲ. 1500 ನ್ಯಾನೊಗ್ರಾಂ ಭಾಗಿಸು 640 ಮಿಲಿಗ್ರಾಂ, 2.34 ಪಿಪಿಎಂ. ಇದೇ ನಮ್ಮ ಗೆರೆ.

ಗೆರೆ ಗೊತ್ತಾಯಿತು. ಈಗ ನೈಟ್ರೈಟ್ ಹುಡುಕಬೇಕು. ಮೊದಲು ಎಲ್ಲರೂ ಮಾಡುವ ಹಾಗೆ ಸರಬರಾಜುದಾರರಿಗೆ ಪ್ರಶ್ನಾವಳಿ ಕಳಿಸಿದೆವು. ‘ನಮ್ಮ ತಯಾರಿಕೆಯಲ್ಲಿ ನೈಟ್ರೈಟ್ ಬಳಸುವುದಿಲ್ಲ’ ಎಂದು ಲೆಟರ್‌ಹೆಡ್ಡಿನ ಮೇಲೆ ಉತ್ತರಗಳು ಬಂದವು. ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಯಾರೂ ಬೇಕೆಂದು ಹಾಕುವುದಿಲ್ಲ. ನೀರಿನಿಂದ, ಬ್ಲೀಚ್ ಮಾಡುವ ಹಂತದಿಂದ, ಗ್ಯಾಸ್ ಉರಿಯ ಬಿಸಿಗಾಳಿ ನೇರವಾಗಿ ತಾಗುವ ಒಣಗಿಸುವ ಯಂತ್ರದಿಂದ ಅದು ತಾನಾಗಿ ಸೇರುತ್ತದೆ. ಬ್ರಿಟನ್ನಿನ ಲಾಸಾ ಸಂಸ್ಥೆ ಕಂಪನಿಗಳನ್ನು ಒಟ್ಟುಗೂಡಿಸಿ ಕಟ್ಟಿರುವ ನೈಟ್ರೈಟ್ ದತ್ತಸಂಚಯ ಇದೆ. ಒಂದೇ ಹೆಸರಿನ ಸಾಮಾನಿನಲ್ಲಿ ತಯಾರಕರಿಂದ ತಯಾರಕರಿಗೆ ಎಷ್ಟು ಅಂತರವಿದೆ ಎಂಬುದು ಅಂಥ ದತ್ತಾಂಶದಲ್ಲೇ ಕಾಣುತ್ತದೆ. ಆದರೆ ನಮ್ಮ ಗೋದಾಮಿನಲ್ಲಿರುವ ಲಾಟ್‌ನಲ್ಲಿ ಎಷ್ಟಿದೆ ಎಂದು ಅದು ಹೇಳಲಾರದು. ನಾವೇ ಅಳೆಯಬೇಕು.

ಅಳೆಯುವುದು ಅಯಾನ್ ಕ್ರೊಮ್ಯಾಟೊಗ್ರಫಿಯಲ್ಲಿ, ಅಂದರೆ ಅಯಾನ್‌ಗಳನ್ನು ಕಾಲಮ್ಮಿನಲ್ಲಿ ಬೇರ್ಪಡಿಸಿ ಒಂದೊಂದನ್ನೂ ಪೀಕ್ ಆಗಿ ತೋರಿಸುವ ಯಂತ್ರದಲ್ಲಿ. 1 ಗ್ರಾಂ ಪುಡಿ, 20 ಮಿಲಿಲೀಟರ್ ನೀರು, ಶೇಕರ್ ಮೇಲೆ 30 ನಿಮಿಷ, ಸೆಂಟ್ರಿಫ್ಯೂಜ್, ಫಿಲ್ಟರ್, ಇಂಜೆಕ್ಷನ್. 0.1 ಪಿಪಿಎಂ ನೈಟ್ರೈಟ್ ಅಂದರೆ ಮಿಲಿಲೀಟರಿಗೆ 5 ನ್ಯಾನೊಗ್ರಾಂ. ಬರೆಯಲು ಒಂದು ಸಾಲು, ಮಾಡಲು ಮೂರು ವಾರ. ಮೊದಲ ದಿನವೇ ಕ್ಯೂಸಿಯ (ಗುಣಮಟ್ಟ ಪರೀಕ್ಷಾ ವಿಭಾಗ) ಬಾಗಲಕೋಟೆ ಹುಡುಗ ಬಂದು, “ಸರ್, ಬ್ಲ್ಯಾಂಕ್‌ನಾಗೂ ಪೀಕ್ ಬರಾಕತ್ತೈತ್ರೀ” ಅಂದ. ಬ್ಲ್ಯಾಂಕ್ ಅಂದರೆ ಪುಡಿ ಹಾಕದ ಬರೀ ನೀರು. ಬರಬಾರದ ಜಾಗದಲ್ಲಿ ಬಂದರೆ ಮೊದಲು ಸಾಮಾನನ್ನಲ್ಲ, ಕೈಯನ್ನು ಅನುಮಾನಿಸಬೇಕು. ಒಂದೊಂದಾಗಿ ಕಳೆಯುತ್ತ ಹೋದೆವು. ನೀರು: ಹಿಂದಿನ ದಿನ ಬಾಟಲಿಯಲ್ಲಿ ಹಿಡಿದಿಟ್ಟದ್ದು ನಡೆಯುವುದಿಲ್ಲ, 18.2 ಮೆಗಾಓಮ್ ನೀರನ್ನು ಆ ಹೊತ್ತಿಗೆ ಹಿಡಿಯಬೇಕು. ಸಿರಿಂಜ್ ಫಿಲ್ಟರ್: ನೈಲಾನ್ ಫಿಲ್ಟರಿನಿಂದ ಅಯಾನ್‌ಗಳು ಸೋರುತ್ತವೆ, 10 ಮಿಲಿಲೀಟರ್ ನೀರು ಹಾಯಿಸಿ ಚೆಲ್ಲಿ, ನಂತರ ಮಾದರಿಯ ಮೊದಲ 2 ಮಿಲಿಲೀಟರನ್ನೂ ಚೆಲ್ಲಿ, ಉಳಿದದ್ದನ್ನು ತೆಗೆದುಕೊಳ್ಳಬೇಕು. ಕೈಗವಸು: ಒದ್ದೆ ಕೈಗವಸಿನ ಬೆರಳು ವಯಲಿನ ಬಾಯಿಗೆ ತಾಗಿದರೂ ಪೀಕ್ ಎದ್ದುಬಿಡುತ್ತದೆ. ಈ ಮೂರನ್ನು ಸರಿಪಡಿಸಿದ ಮೇಲೆ ಬ್ಲ್ಯಾಂಕ್ ಸುಮ್ಮನಾಯಿತು.

ಮುಂದಿನ ತಕರಾರು ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟಿನದು. ನೀರು ಕಂಡರೆ ಉಬ್ಬಿ ಗಂಜಿಯಾಗುವುದೇ ಅದರ ಹುಟ್ಟುಗುಣ, ಮಾತ್ರೆಯಲ್ಲಿ ಹಾಕುವುದೂ ಅದಕ್ಕೇ. 1 ಗ್ರಾಂ ಬದಲು 0.25 ಗ್ರಾಂ ತೆಗೆದುಕೊಂಡು, ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಮಾತ್ರ ಎತ್ತಿದೆವು. ಅದಕ್ಕಿಂತ ದೊಡ್ಡ ತೊಂದರೆ ಉಪ್ಪು. ಫಾರ್ಮಕೊಪಿಯ ಈ ಪುಡಿಯಲ್ಲಿ ಶೇ. 7ರವರೆಗೂ ಸೋಡಿಯಂ ಕ್ಲೋರೈಡ್ ಇರಲು ಬಿಡುತ್ತದೆ. ಅಯಾನ್ ಕಾಲಮ್ಮಿನಲ್ಲಿ ಕ್ಲೋರೈಡ್ ಬರುವುದು ನೈಟ್ರೈಟಿಗೆ ಸ್ವಲ್ಪ ಮೊದಲು. ಆನೆಯ ಬಾಲಕ್ಕೆ ಇರುವೆ ಅಂಟಿಕೊಂಡ ಹಾಗೆ ನೈಟ್ರೈಟ್ ಪೀಕ್ ಆ ಇಳಿಜಾರಿನಲ್ಲಿ ಕರಗಿಹೋಗುತ್ತದೆ. ಬೆಳ್ಳಿ ಕಾರ್ಟ್ರಿಜ್ ಹಾಕಿ ಕ್ಲೋರೈಡ್ ತೆಗೆಯಬಹುದು, ಆದರೆ ಸೋರಿದ ಬೆಳ್ಳಿಯನ್ನು ಹಿಡಿಯಲು ಅದರ ಹಿಂದೆ ಆಮ್ಲ ರೂಪದ ಕಾರ್ಟ್ರಿಜ್ ಬೇಕು, ಅದು ದ್ರಾವಣವನ್ನು ಹುಳಿ ಮಾಡುತ್ತದೆ, ಹುಳಿಯಲ್ಲಿ ನೈಟ್ರೈಟ್ ನಿಲ್ಲುವುದಿಲ್ಲ. ರಿಕವರಿ ಬಿದ್ದುಹೋಗಿ, ‘ನೈಟ್ರೈಟ್ ಇಲ್ಲ’ ಅನ್ನುವ ಸುಂದರ ಸುಳ್ಳು ಸಿಗುತ್ತದೆ. ನಾವು ಕೊನೆಗೆ ಕಂಡಕ್ಟಿವಿಟಿ ಡಿಟೆಕ್ಟರ್ ಬಿಟ್ಟು 210 ನ್ಯಾನೊಮೀಟರಿನ ಯುವಿಗೆ ಬಂದೆವು. ಅಲ್ಲಿ ನೈಟ್ರೈಟ್ ಚೆನ್ನಾಗಿ ಕಾಣುತ್ತದೆ, ಕ್ಲೋರೈಡ್ ಹೆಚ್ಚುಕಡಿಮೆ ಕುರುಡು. ಮೆಗ್ನೀಸಿಯಂ ಸ್ಟಿಯರೇಟ್ ನೀರಿನ ಮೇಲೆ ತೇಲುತ್ತದೆ, ಮೊದಲು ಸ್ವಲ್ಪ ಮೆಥನಾಲಿನಲ್ಲಿ ಒದ್ದೆ ಮಾಡಿಕೊಂಡರೆ ಮುಗಿಯಿತು.

ಇಲ್ಲಿ ಬಹಳ ಜನ ಎಡವುವ ಒಂದು ತಿರುವಿದೆ. ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟಿನಂಥ ಡಿಸಿಂಟಿಗ್ರಂಟ್‌ಗಳಲ್ಲಿ (ಮಾತ್ರೆ ಒಡೆಯಲೆಂದು ಹಾಕುವ ಸಾಮಾನು) ನೈಟ್ರೈಟ್ ಜಾಸ್ತಿ ಇರುವುದು ಸಾಮಾನ್ಯ, ಆದ್ದರಿಂದ ಎಲ್ಲರ ಕಣ್ಣೂ ಅದರ ಮೇಲೆ. ಆದರೆ ಗುಣಿಸಿ ನೋಡಿ. ಉದಾಹರಣೆಗೆ ಅದರಲ್ಲಿ 5 ಪಿಪಿಎಂ ಇದ್ದರೆ 8 ಮಿಲಿಗ್ರಾಂನಿಂದ ಮಾತ್ರೆಗೆ ಬರುವುದು 40 ನ್ಯಾನೊಗ್ರಾಂ. ಲ್ಯಾಕ್ಟೋಸಿನಲ್ಲಿ ಬರೀ 0.5 ಇದ್ದರೂ 84 ಮಿಲಿಗ್ರಾಂನಿಂದ 42 ಬರುತ್ತದೆ. ಸೆಲ್ಯುಲೋಸಿನಲ್ಲೂ 0.5 ಇದ್ದರೆ 30. ಬೈಗುಳ ಒಬ್ಬನಿಗೆ, ಪಾಲು ಮೂವರದು. ಡಿಸಿಂಟಿಗ್ರಂಟಿನ ತಯಾರಕರನ್ನು ಮಾತ್ರ ಬದಲಿಸಿ ಕೈತೊಳೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ನೈಟ್ರೈಟ್ ಮಾತ್ರೆಯಲ್ಲೇ ಕೂತಿರುತ್ತದೆ.

ಇನ್ನು ಮಾತ್ರೆಯೊಳಗಿನ ನೈಟ್ರೊಸಮೀನನ್ನು ಅಳೆಯುವುದು. ಎಲ್‌ಸಿ-ಎಂಎಸ್-ಎಂಎಸ್, ಟ್ರಿಪಲ್ ಕ್ವಾಡ್: ದ್ರಾವಣದ ಘಟಕಗಳನ್ನು ಕಾಲಮ್ಮಿನಲ್ಲಿ ಬೇರ್ಪಡಿಸಿ, ಅಣುವಿನ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರ. 20 ಮಾತ್ರೆ ಪುಡಿಮಾಡಿ, 100 ಮಿಲಿಗ್ರಾಂ ಔಷಧಕ್ಕೆ ಸಮನಾದ ಪುಡಿ, ಅಂದರೆ 500 ಮಿಲಿಗ್ರಾಂ ತೂಗಿ, 10 ಮಿಲಿಲೀಟರಿಗೆ ಏರಿಸಿದರೆ ಮಿಲಿಲೀಟರಿಗೆ 10 ಮಿಲಿಗ್ರಾಂ ಔಷಧ. ಆ ಸಾಂದ್ರತೆಯಲ್ಲಿ 2.34 ಪಿಪಿಎಂ ಅಂದರೆ ಮಿಲಿಲೀಟರಿಗೆ 23.4 ನ್ಯಾನೊಗ್ರಾಂ. ಎಲ್‌ಒಕ್ಯೂ, ಅಂದರೆ ನಂಬಿಕೆಯಿಂದ ಅಳೆಯಬಲ್ಲ ಅತಿ ಕಡಿಮೆ ಪ್ರಮಾಣ, ಮಿತಿಯ ಹತ್ತನೇ ಒಂದಕ್ಕೆ ಇಳಿಯಬೇಕು, 2.3 ನ್ಯಾನೊಗ್ರಾಂ. ಯುರೋಪಿನ ನಿಯಮದಲ್ಲಿ ಫಲಿತಾಂಶ ಸದಾ ಮಿತಿಯ ಶೇ. 10ರ ಒಳಗಿದ್ದರೆ ಸ್ಪೆಸಿಫಿಕೇಶನ್ನಿಗೆ ಸೇರಿಸುವುದೇ ಬೇಡ, ಶೇ. 30ರ ಒಳಗಿದ್ದರೆ ಪ್ರತಿ ಬ್ಯಾಚ್ ಬದಲು ಆಗೀಗ ಪರೀಕ್ಷಿಸಿದರೆ ಸಾಕು. ಎಲ್‌ಒಕ್ಯೂ ಅಷ್ಟು ಕೆಳಗಿಲ್ಲದಿದ್ದರೆ ಈ ರಿಯಾಯಿತಿ ಕೇಳಲು ಬಾಯಿಯೇ ಇರುವುದಿಲ್ಲ.

ನಮ್ಮ ಮೊದಲ ಡೈಲ್ಯೂಯೆಂಟ್ (ಮಾದರಿ ಕರಗಿಸುವ ದ್ರಾವಣ) ಮೆಥನಾಲ್, ನೀರು ಮತ್ತು ಶೇ. 0.1 ಫಾರ್ಮಿಕ್ ಆಮ್ಲ. ಬೇರೆಲ್ಲ ವಿಧಾನಗಳಿಗೂ ಅದೇ ಇದೆ ಎಂದು ಕಣ್ಣುಮುಚ್ಚಿ ತೆಗೆದುಕೊಂಡಿದ್ದೆವು. ಅದೇ ನಮ್ಮ ದೊಡ್ಡ ತಪ್ಪು. ಸೆಕೆಂಡರಿ ಅಮೀನ್ ನೈಟ್ರೊಸೊ ಆಗಲು ಅತಿ ಅನುಕೂಲದ ಪಿಎಚ್ 3ರಿಂದ 3.5. ಮಾತ್ರೆಯಲ್ಲಿ ಬೇರೆ ಬೇರೆ ಕಣಗಳಾಗಿ ತಣ್ಣಗೆ ಕೂತಿದ್ದ ಔಷಧವನ್ನೂ ನೈಟ್ರೈಟನ್ನೂ ನಾವೇ ಒಂದು ಫ್ಲಾಸ್ಕಿಗೆ ಹಾಕಿ, ಹುಳಿ ಹಿಂಡಿ, ಕಲಕಿ, ಹುಟ್ಟಿದ್ದನ್ನು ಮಾತ್ರೆಯ ಲೆಕ್ಕಕ್ಕೆ ಬರೆಯುತ್ತಿದ್ದೆವು. ಇದು ಗೊತ್ತಾದದ್ದು ಒಂದೇ ವಯಲನ್ನು ಆಟೋಸ್ಯಾಂಪ್ಲರಿನಲ್ಲಿ ಇಟ್ಟು 4 ಗಂಟೆಗೊಮ್ಮೆ 24 ಗಂಟೆ ಇಂಜೆಕ್ಟ್ ಮಾಡಿದಾಗ. ಪೀಕ್ ಪ್ರತಿ ಸಲವೂ ಸ್ವಲ್ಪ ಎತ್ತರವಾಗುತ್ತ ಹೋಯಿತು. ಮಾತ್ರೆಯಲ್ಲಿದ್ದ ವಸ್ತು ವಯಲಿನಲ್ಲಿ ಬೆಳೆಯುವುದಿಲ್ಲ. ಖಚಿತಪಡಿಸಿಕೊಳ್ಳಲು ಮಾದರಿಗೆ ಬೇಕೆಂದೇ ಸೋಡಿಯಂ ನೈಟ್ರೈಟ್ ಬೆರೆಸಿ ನೋಡಿದೆವು, ಪೀಕ್ ಜಿಗಿಯಿತು. ಹೊಸ ವಿಧಾನ ಮಾಡುವ ಯಾರೇ ಆಗಲಿ, ಈ ಎರಡು ಪ್ರಯೋಗ ಮುಗಿಸುವವರೆಗೆ ಒಂದೂ ಸಂಖ್ಯೆಯನ್ನು ಮೇಲಿನವರಿಗೆ ಇಮೇಲ್ ಮಾಡಬಾರದು.

ಪರಿಹಾರಕ್ಕೆ ಎರಡು ದಾರಿ. ಒಂದು, ಡೈಲ್ಯೂಯೆಂಟಿಗೆ ಸಲ್ಫಾಮಿಕ್ ಆಮ್ಲವನ್ನೋ ಅಮೋನಿಯಂ ಸಲ್ಫಮೇಟನ್ನೋ ಬೆರೆಸುವುದು; ಅದು ನೈಟ್ರೈಟನ್ನು ಮೊದಲೇ ಹಿಡಿದು ಸಾರಜನಕ ಮಾಡಿ ಹಾರಿಸಿಬಿಡುತ್ತದೆ. ಇನ್ನೊಂದು, ಕ್ಷಾರಕ್ಕೆ ಹೋಗುವುದು. ನಾವು ಎರಡನೆಯದನ್ನು ಆರಿಸಿದೆವು: ಮೆಥನಾಲ್ 80 ಭಾಗ, 10 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬೊನೇಟ್ 20 ಭಾಗ, ಅಮೋನಿಯಾ ಹಾಕಿ ಪಿಎಚ್ 9ರ ಮೇಲೆ. ಮೆಥನಾಲ್ ಕಡಿಮೆ ಮಾಡಿದರೆ ಕ್ಷಾರದಲ್ಲಿ ಔಷಧ ಬೇಸ್ ರೂಪಕ್ಕೆ ತಿರುಗಿ ಒತ್ತರಿಸಿ ಬೀಳುತ್ತದೆ, ಆದ್ದರಿಂದ 80 ಬೇಕೇ ಬೇಕು. ಅಷ್ಟು ಮೆಥನಾಲ್ ಇರುವ ಮಾದರಿಯನ್ನು ಹೆಚ್ಚು ಇಂಜೆಕ್ಟ್ ಮಾಡಿದರೆ ಪೀಕಿನ ಮುಂಭಾಗ ಹರಡುತ್ತದೆ. 5 ಮೈಕ್ರೊಲೀಟರಿಗೆ ನಿಲ್ಲಿಸಿದೆವು. ಟ್ರೇ ತಾಪಮಾನ 5 ಡಿಗ್ರಿ. ಇದಾದ ಮೇಲೆ 24 ಗಂಟೆಯಲ್ಲೂ ಪೀಕ್ ಕದಲಲಿಲ್ಲ. ಚಲಿಸುವ ದ್ರಾವಣದಲ್ಲಿ ಫಾರ್ಮಿಕ್ ಆಮ್ಲ ಇದ್ದರೆ ಪರವಾಗಿಲ್ಲ, ಕಾಲಮ್ಮಿನೊಳಗೆ ಔಷಧವೂ ನೈಟ್ರೈಟೂ ಕ್ಷಣದಲ್ಲಿ ಬೇರೆಯಾಗುತ್ತವೆ.

ಕ್ರೊಮ್ಯಾಟೊಗ್ರಾಂನಲ್ಲಿ ನೈಟ್ರೊಸೊ ರೂಪ ಔಷಧದ ನಂತರ ಬರುತ್ತದೆ, ಅದಕ್ಕೆ ಅಮೀನಿನ ಧನ ಆವೇಶವಿಲ್ಲವಲ್ಲ. ಇದು ನಮ್ಮ ಪಾಲಿನ ಅದೃಷ್ಟ. ಔಷಧದ ದೈತ್ಯ ಪೀಕನ್ನು ಡೈವರ್ಟ್ ವಾಲ್ವಿನಿಂದ ವೇಸ್ಟಿಗೆ ಕಳಿಸಿ ಆಮೇಲೆ ಸೋರ್ಸಿಗೆ (ಅಣುಗಳಿಗೆ ಆವೇಶ ಕೊಡುವ ಭಾಗ) ತಿರುಗಿಸಬಹುದು. ತಿರುಗಿಸದೆ ಎರಡು ದಿನ ಓಡಿಸಿದರೆ ಸೋರ್ಸ್ ಕೊಳೆತು ಸಿಗ್ನಲ್ ಕುಸಿಯುತ್ತದೆ. ನೈಟ್ರೊಸೊ ಪೀಕ್ ಎರಡಾಗಿ ಸೀಳಿ ಬಂದಾಗ ಕಾಲಮ್ ಹಾಳಾಯಿತೆಂದು ಬದಲಿಸಬೇಡಿ. ಸಾರಜನಕಗಳ ನಡುವಿನ ಬಂಧ ಸುಲಭವಾಗಿ ತಿರುಗುವುದಿಲ್ಲ, ಹಾಗಾಗಿ ಇ ಮತ್ತು ಝಡ್ ಎಂಬ ಎರಡು ರೂಪ ಪಕ್ಕಪಕ್ಕದಲ್ಲಿ ಕಾಣುತ್ತವೆ. ಎರಡನ್ನೂ ಕೂಡಿಸಿ ಇಂಟಿಗ್ರೇಟ್ ಮಾಡಬೇಕು, ಸ್ಟ್ಯಾಂಡರ್ಡ್‌ನಲ್ಲೂ ಮಾದರಿಯಲ್ಲೂ ಒಂದೇ ರೀತಿ. ಡ್ಯೂಟೀರಿಯಂ ಹಾಕಿದ ಆಂತರಿಕ ಸ್ಟ್ಯಾಂಡರ್ಡ್ ಬಳಸಿದರೆ ಅದರಲ್ಲಿ ಡ್ಯೂಟೀರಿಯಂ ಇಲ್ಲದ ಅಣು ಎಷ್ಟಿದೆ ಎಂದು ಮೊದಲು ನೋಡಿ. ನಾವೇ ಸೇರಿಸಿದ ಸ್ಟ್ಯಾಂಡರ್ಡ್ ನಮಗೇ ಇಂಪ್ಯೂರಿಟಿಯಾಗಿ ಎದುರು ನಿಲ್ಲುವ ತಮಾಷೆ ಇಲ್ಲುಂಟು. ವಯಲ್‌ಗಳು ಕಂದುಬಣ್ಣದವೇ ಆಗಬೇಕು, ನೈಟ್ರೊಸಮೀನಿಗೆ ಬೆಳಕು ಆಗದು.

ಅನುಮಾನದ ಮಾದರಿಗಳನ್ನು ಹೈ ರೆಸಲ್ಯೂಶನ್ ಯಂತ್ರದಲ್ಲಿ ಮತ್ತೆ ನೋಡಿದೆವು. ನಿರೀಕ್ಷಿಸಿದ ಪ್ರೋಟೋನೀಕೃತ ಅಣುವಿನ ದ್ರವ್ಯರಾಶಿ 289.1547. ದಶಮಾಂಶದ ನಾಲ್ಕು ಸ್ಥಾನ ಯಾಕೆ ಬೇಕು ಅನ್ನುವವರಿಗೆ ಮೆಟ್‌ಫಾರ್ಮಿನ್ ಪ್ರಕರಣ ನೆನಪಿಸಬೇಕು. ಎನ್‌ಡಿಎಂಎ 75.0553ರಲ್ಲಿ ಕಾಣುತ್ತದೆ. ಡಿಎಂಎಫ್ ದ್ರಾವಕದ 15ಎನ್ ಐಸೊಟೋಪ್ 75.0571ರಲ್ಲಿ. ಇವನ್ನು ಬೇರ್ಪಡಿಸಲಾಗದ ಕಡೆ ಡಿಎಂಎಫ್ ಕೂಡ ಎನ್‌ಡಿಎಂಎ ಲೆಕ್ಕಕ್ಕೆ ಸೇರಿ ಸಂಖ್ಯೆ ಉಬ್ಬಿತ್ತು ಎಂದು ಎಫ್‌ಡಿಎ ತೋರಿಸಿಕೊಟ್ಟಿತು. ರಾನಿಟಿಡಿನ್‌ನಲ್ಲೂ ಹಾಗೆಯೇ; ಪರೀಕ್ಷೆಯಲ್ಲಿ ಕೊಟ್ಟ ಬಿಸಿಯೇ ಎನ್‌ಡಿಎಂಎ ಹುಟ್ಟಿಸುತ್ತಿತ್ತು. ಆದರೂ ಎರಡೂ ಕಡೆ ನಿಜವಾದ ಎನ್‌ಡಿಎಂಎ ಕೂಡ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಮೂರು ಬ್ಯಾಚ್ ಆರಿಸಿದೆವು: ಹೊಸದು, ನಡುವಯಸ್ಸಿನದು, ಎಕ್ಸ್‌ಪೈರಿ ಹತ್ತಿರದ್ದು. ಹೊಸದು ನಿರಾಳವಾಗಿ ಒಳಗಿತ್ತು. ಹಳೆಯದು ಗೆರೆಯ ಹತ್ತಿರ ಬಂದಿತ್ತು. ನಡುವಿನದು ಹಳೆಯದಕ್ಕಿಂತಲೂ ಹೆಚ್ಚು. ವಯಸ್ಸಿನ ಕ್ರಮಕ್ಕೆ ಸರಿಹೊಂದಲಿಲ್ಲ.

ಬ್ಯಾಚ್ ದಾಖಲೆ ಬಿಚ್ಚಿದಾಗ ನಡುವಿನದು ಜುಲೈನಲ್ಲಿ ಮಾಡಿದ್ದು ಎಂದು ಕಂಡಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೆರ್ಣಾ ಗುಡ್ಡದ ಮೇಲೆ ಗಾಳಿಯೇ ಒದ್ದೆ ಬಟ್ಟೆ. ಬಿಸಿಗಾಳಿಯಲ್ಲಿ ಒಣಗಿಸುವ ಎಫ್‌ಬಿಡಿ ಯಂತ್ರಕ್ಕೆ ಬರುವ ಗಾಳಿಯ ತೇವ ತೆಗೆಯುವ ಯಂತ್ರಕ್ಕೆ ಆಗ ಏದುಸಿರು. ಪುಡಿಯನ್ನು ಬೈಂಡರ್ ದ್ರಾವಣದಲ್ಲಿ ಒದ್ದೆ ಮಾಡಿ ಕಟ್ಟಿದ ಗ್ರ್ಯಾನ್ಯೂಲ್‌ಗಳ ಎಲ್‌ಒಡಿ, ಅಂದರೆ ಉಳಿದ ತೇವ, ಶೇ. 2ಕ್ಕೆ ಇಳಿಯಲು ಆ ಬ್ಯಾಚಿಗೆ ಬೇಸಿಗೆಯ ಬ್ಯಾಚಿಗಿಂತ ಬಹಳ ಹೆಚ್ಚು ಹೊತ್ತು ಹಿಡಿದಿತ್ತು. ಒದ್ದೆ ಗ್ರ್ಯಾನ್ಯೂಲಿನಲ್ಲಿ ಔಷಧ ಒಂದಿಷ್ಟು ಕರಗಿರುತ್ತದೆ, ನೈಟ್ರೈಟ್ ಪೂರ್ತಿ ಕರಗಿರುತ್ತದೆ, ನೀರು ಆರುತ್ತ ಹೋದಂತೆ ಎರಡೂ ಗಾಢವಾಗುತ್ತವೆ, ಜೊತೆಗೆ ಬಿಸಿ. ಹೆಚ್ಚು ಹೊತ್ತು ಅಂದರೆ ಹೆಚ್ಚು ಪ್ರತಿಕ್ರಿಯೆ. ಇದು ಮೊದಲ ಶಂಕೆ.

ಎರಡನೆಯ ಶಂಕೆ ಬೆಳಗಾವಿ ಕಡೆಯ ಪ್ರೊಡಕ್ಷನ್ ಸೂಪರ್‌ವೈಸರ್ ಎತ್ತಿದ್ದು. “ಮಳಿಗಾಲದಾಗ ಕರೆಂಟ್ ಹೋಗತೈತಿ, ಡೀಜಿ ನಡೀತೈತಿ. ಅದರ ಹೊಗಿ ಏಎಚ್‌ಯು ಒಳಗ ಹೋಗಂಗಿಲ್ಲೇನ್ರಿ?” ಡೀಜಿ ಅಂದರೆ ಡೀಸೆಲ್ ಜನರೇಟರ್, ಏಎಚ್‌ಯು ಅಂದರೆ ಒಳಗೆ ಗಾಳಿ ಕಳಿಸುವ ಯಂತ್ರ. ಡೀಸೆಲ್ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳಿರುತ್ತವೆ, ಅವು ಒದ್ದೆ ಪುಡಿಗೆ ತಾಗಿದರೆ ನೈಟ್ರೈಟ್ ಆಗಬಲ್ಲವು. ತಳ್ಳಿಹಾಕುವ ಮಾತಲ್ಲ. ಔಷಧವಿಲ್ಲದ ಪ್ಲಸೀಬೊ ಗ್ರ್ಯಾನ್ಯೂಲ್ ಮಾಡಿ, ಡೀಜಿ ಆರಿಸಿ ಒಂದು ಪಾಲು, ಓಡಿಸಿ ಒಂದು ಪಾಲು ಒಣಗಿಸಿ, ಒಣಗಿಸುವ ಮೊದಲು ಮತ್ತು ನಂತರ ನೈಟ್ರೈಟ್ ಅಳೆದೆವು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಮ್ಮ ಕಟ್ಟಡದಲ್ಲಿ ಡೀಜಿ ಇರುವುದು ಗಾಳಿ ಸೇದುವ ಬಾಯಿಯ ವಿರುದ್ಧ ದಿಕ್ಕಿನಲ್ಲಿ. ಬೇರೆಡೆ ಉತ್ತರ ಬೇರೆ ಬರಬಹುದು. ಆ ಶಂಕೆಯನ್ನು ಕಾರಣ ಸಮೇತ ಬರೆದು ಮುಚ್ಚಿದೆವು.

ಮೂರನೆಯದು ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟಿನ ಲಾಟ್. ನಡುವಿನ ಬ್ಯಾಚಿಗೆ ಹೋದ ಲಾಟ್‌ನ ಉಳಿಕೆ ಮಾದರಿಯಲ್ಲಿ ನೈಟ್ರೈಟ್ ಉಳಿದೆರಡಕ್ಕಿಂತ ಹೆಚ್ಚಿತ್ತು. ತಯಾರಕರು ಒಬ್ಬರೇ, ದರ್ಜೆ ಅದೇ, ಸಿಒಎ (ತಯಾರಕರು ಕೊಡುವ ಪರೀಕ್ಷಾ ಪ್ರಮಾಣಪತ್ರ) ಅಚ್ಚೊತ್ತಿದ ಹಾಗೆ ಅದೇ. ಸಿಒಎಯಲ್ಲಿ ನೈಟ್ರೈಟ್ ಎಂಬ ಸಾಲೇ ಇರಲಿಲ್ಲ. ಬ್ಲಿಸ್ಟರ್ ಫಾಯಿಲಿನ ಬಗ್ಗೆಯೂ ಕೇಳಿ ತಿಳಿದೆವು, ಕೆಲವು ಫಾಯಿಲ್‌ಗಳ ಮುದ್ರಣ ಲೇಪದಲ್ಲಿ ನೈಟ್ರೋಸೆಲ್ಯುಲೋಸ್ ಇರುತ್ತದೆ. ನಮ್ಮದರಲ್ಲಿ ಇರಲಿಲ್ಲ.

ಈಗ ತಗ್ಗಿಸುವ ಕೆಲಸ. 2021ರ ನವೆಂಬರಿನಲ್ಲೇ ಎಫ್‌ಡಿಎ ಎರಡು ಉಪಾಯ ಸೂಚಿಸಿತ್ತು: ಆಂಟಿಆಕ್ಸಿಡೆಂಟ್ ಸೇರಿಸುವುದು, ಇಲ್ಲವೇ ಪಿಎಚ್ ಏರಿಸುವುದು. ಎರಡನ್ನೂ 1 ಕಿಲೋ ಅಳತೆಯಲ್ಲಿ ಮಾಡಿ, ತೆರೆದ ತಟ್ಟೆಯಲ್ಲಿ 50 ಡಿಗ್ರಿ, ಶೇ. 75 ತೇವದಲ್ಲಿ ಎರಡು ವಾರ ಇಟ್ಟು ಹೋಲಿಸಿದೆವು. ಈ ಪರೀಕ್ಷೆಯಿಂದ ಯಾವುದು ಮೇಲು ಯಾವುದು ಕೀಳು ಎಂದಷ್ಟೇ ತಿಳಿಯುತ್ತದೆ, ಶೆಲ್ಫ್ ಲೈಫ್ ಹೇಳಲಾಗದು.

ಸೋಡಿಯಂ ಕಾರ್ಬೊನೇಟ್ ಶೇ. 1, ಅಂದರೆ ಮಾತ್ರೆಗೆ 2 ಮಿಲಿಗ್ರಾಂ. ನೈಟ್ರೊಸಮೀನ್ ಚೆನ್ನಾಗಿಯೇ ಇಳಿಯಿತು. ಆದರೆ ಔಷಧ ಇರುವುದು ಹೈಡ್ರೋಕ್ಲೋರೈಡ್ ಲವಣವಾಗಿ. ಲೆಕ್ಕ ಹಾಕಿದರೆ 2 ಮಿಲಿಗ್ರಾಂ ಕಾರ್ಬೊನೇಟ್ ಆ 40 ಮಿಲಿಗ್ರಾಂನಲ್ಲಿ ಶೇ. 14ರಿಂದ 28ರಷ್ಟನ್ನು ಬೇಸ್ ರೂಪಕ್ಕೆ ತಿರುಗಿಸುವಷ್ಟಿದೆ. ತೇವ ತಗುಲಿದ ಮಾದರಿಗಳು ಪಿಎಚ್ 6.8ರ ಡಿಸಲ್ಯೂಶನ್‌ನಲ್ಲಿ (ಔಷಧ ಎಷ್ಟು ಬೇಗ ಕರಗುತ್ತದೆ ಎಂಬ ಪರೀಕ್ಷೆ) ಹಿಂದೆ ಬಿದ್ದವು. ದಿನನಿತ್ಯದ ಕ್ಯೂಸಿ ಪರೀಕ್ಷೆ ಆಮ್ಲದಲ್ಲಿ, ಅಲ್ಲಿ ಬೇಸ್ ಕೂಡ ಸಕ್ಕರೆಯಂತೆ ಕರಗುತ್ತದೆ, ಆದ್ದರಿಂದ ಅಲ್ಲಿ ಏನೂ ಕಾಣಲಿಲ್ಲ. ಬರೀ ಆಮ್ಲದ ಫಲಿತಾಂಶ ನೋಡಿ ಮುಂದೆ ಹೋಗಿದ್ದರೆ ನಾವು ಒಂದು ರೋಗ ವಾಸಿ ಮಾಡಲು ಹೋಗಿ ಇನ್ನೊಂದನ್ನು ಕರೆತಂದಂತಾಗುತ್ತಿತ್ತು.

ಆಸ್ಕಾರ್ಬಿಕ್ ಆಮ್ಲ ಶೇ. 1. ಇಲ್ಲಿ ಒಂದು ಸೋಜಿಗ. 2 ಮಿಲಿಗ್ರಾಂ ಅಂದರೆ 11.4 ಮೈಕ್ರೊಮೋಲ್, ಮಾತ್ರೆಯ ನೈಟ್ರೈಟಿಗಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು. ಕಾಗದದ ಮೇಲೆ ಅದರ ಚೂರು ಪಾಲು ಸಾಕು. ಆದರೆ ಕೊನೆಯಲ್ಲಿ ಒಣಪುಡಿಯಾಗಿ ಬೆರೆಸಿದಾಗ ಲಾಭ ಅರೆಬರೆ. ಘನ ಮಾತ್ರೆಯಲ್ಲಿ ಅಣುಗಳು ಓಡಾಡುವುದಿಲ್ಲ. ನೈಟ್ರೈಟ್ ಕೂತಿರುವ ಜಾಗಕ್ಕೆ ಆಸ್ಕಾರ್ಬಿಕ್ ಕಣ ತಾನೇ ಪಕ್ಕದಲ್ಲಿರಬೇಕು. ಅದನ್ನೇ ಪೋವಿಡೋನ್ ಬೈಂಡರ್ ದ್ರಾವಣದಲ್ಲಿ ಕರಗಿಸಿ ಸಿಂಪಡಿಸಿದಾಗ ಎಲ್ಲ ಕಡೆ ಹರಡಿ, ನೈಟ್ರೊಸಮೀನ್ ಸ್ಪಷ್ಟವಾಗಿ ಇಳಿಯಿತು, ಅರ್ಧ ಪ್ರಮಾಣ ಹಾಕಿದರೂ. ಅದಕ್ಕೂ ಬೆಲೆ ಇದೆ: ದ್ರಾವಣ ಇಟ್ಟಷ್ಟೂ ಹಳದಿಯಾಗುತ್ತದೆ, ಲೋಹದ ಸೋಂಕಿದ್ದರೆ ಇನ್ನೂ ಬೇಗ. ತಯಾರಿಸಿದ ಒಂದು ಗಂಟೆಯೊಳಗೆ ಮುಗಿಸಬೇಕು ಎಂದು ಬ್ಯಾಚ್ ದಾಖಲೆಯಲ್ಲಿ ಬರೆದೆವು. ಬಿಳಿ ಮಾತ್ರೆಯ ಮೇಲೆ ಮೂರನೇ ತಿಂಗಳಿಗೆ ತಿಳಿಹಳದಿ ಛಾಯೆ ಬಂತು. ವಿವರಣೆಯಲ್ಲಿ ‘ಬಿಳಿ’ ಎಂದಿದ್ದರೆ ಅದೂ ಒಂದು ಫೇಲ್.

ಮೂರನೆಯ ದಾರಿ ನೀರನ್ನೇ ಬಿಡುವುದು. ಔಷಧ ಶೇ. 20 ಇರುವ ಮಾತ್ರೆ, ನೇರ ಕಂಪ್ರೆಶನ್‌ಗೆ, ಅಂದರೆ ಒಣಪುಡಿಯನ್ನೇ ಮಾತ್ರೆಯಾಗಿ ಒತ್ತುವುದಕ್ಕೆ, ಒಗ್ಗುತ್ತದೆ. ಸ್ಪ್ರೇ ಡ್ರೈಡ್ ಲ್ಯಾಕ್ಟೋಸ್, ದಪ್ಪ ಕಣದ ಸೆಲ್ಯುಲೋಸ್, ನೈಟ್ರೈಟ್ ಅಳೆದು ಆರಿಸಿದ ಲಾಟ್‌ಗಳು, ಆಂಟಿಆಕ್ಸಿಡೆಂಟ್ ಇಲ್ಲ. ತಟ್ಟೆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ನೈಟ್ರೊಸಮೀನ್ ಇದರಲ್ಲೇ. ಬ್ಲೆಂಡ್ ಏಕರೂಪತೆ ಮೊದಲ ಬ್ಯಾಚಿನಲ್ಲಿ ಕೈಕೊಟ್ಟಿತು. ಔಷಧದ ಸಣ್ಣ ಕಣ ಹಾಪರಿನಲ್ಲಿ ಕೆಳಗಿಳಿದು ಕೊನೆಯ ಮಾತ್ರೆಗಳಲ್ಲಿ ಅಸ್ಸೇ (ಔಷಧದ ಪ್ರಮಾಣ) ಏರಿತ್ತು. ಔಷಧವನ್ನು ಸೆಲ್ಯುಲೋಸಿನೊಂದಿಗೆ ಜಾಲರಿ ಹಾಯಿಸಿ ಮೊದಲು ಬೆರೆಸಿಕೊಂಡ ಮೇಲೆ ಸರಿಹೋಯಿತು. ನಾವು ಮುಂದಕ್ಕೆ ಒಯ್ದದ್ದು ಇದನ್ನೇ. ಆಸ್ಕಾರ್ಬಿಕ್ ಸೂತ್ರವನ್ನು ಹಿಂದೆ ಇಟ್ಟುಕೊಂಡೆವು. ಹೊಸ ಘಟಕ ಸೇರಿಸಿದರೆ ಕರುಳು ಹೀರುವಿಕೆಗೆ ತೊಡಕಿಲ್ಲ ಎಂದು ತೋರಿಸುವ ಹೊರೆ ಬರುತ್ತದೆ, ತಯಾರಿಕಾ ವಿಧಾನ ಬದಲಿಸಿದರೂ ಹೊರೆ ಇದೆ, ಆದರೆ ಎರಡನೆಯದಕ್ಕೆ ಉತ್ತರ ಕೊಡುವುದು ನಮಗೆ ಗೊತ್ತಿತ್ತು: ಪಿಎಚ್ 1.2, 4.5, 6.8 ಮೂರರಲ್ಲೂ ಡಿಸಲ್ಯೂಶನ್ ಹೋಲಿಕೆ. 15 ನಿಮಿಷದಲ್ಲಿ ಎರಡೂ ಶೇ. 85 ದಾಟಿದರೆ ಎರಡರ ಕರಗುವಿಕೆ ಎಷ್ಟು ಹೋಲುತ್ತದೆ ಎಂಬ ಎಫ್2 ಲೆಕ್ಕವೂ ಬೇಡ.

ಸ್ಟೆಬಿಲಿಟಿಯನ್ನು 40 ಡಿಗ್ರಿ ಶೇ. 75 ಮತ್ತು 25 ಡಿಗ್ರಿ ಶೇ. 60ರಲ್ಲಿ ಇಟ್ಟಿದ್ದೇವೆ. ಹಳೆಯ ಸೂತ್ರದ ಅಂಕಿಗಳನ್ನು ತಿಂಗಳಿಗೆ ಎದುರಾಗಿ ಗೆರೆ ಎಳೆದಾಗ ಕಂಡದ್ದು: ಮೊದಲ ಮೂರು ತಿಂಗಳು ಏರಿಕೆ, ಆಮೇಲೆ ಸಪಾಟು. ಇಲ್ಲಿ ಮೊದಲು ಮುಗಿಯುವುದು ನೈಟ್ರೈಟ್, ಔಷಧವಲ್ಲ. ಮೊದಲ ಮೂರು ತಿಂಗಳ ನೇರ ಗೆರೆಯನ್ನು 24 ತಿಂಗಳಿಗೆ ಎಳೆದು ‘ಮಿತಿ ದಾಟುತ್ತದೆ’ ಎಂದು ಗಾಬರಿಯಾದ ವರದಿಯೊಂದನ್ನು ನಾವೇ ಒಮ್ಮೆ ಬರೆದು ಹಿಂದಕ್ಕೆ ಪಡೆದಿದ್ದೇವೆ.

ಎಫ್‌ಡಿಎ ಈ ಬಗೆಯ ನೈಟ್ರೊಸಮೀನುಗಳಿಗೆ ದೃಢೀಕರಣ ಪರೀಕ್ಷೆ ಮುಗಿಸಿ ಬದಲಾವಣೆ ಸಲ್ಲಿಸಲು 2025ರ ಆಗಸ್ಟ್ 1 ಎಂದು ದಿನ ಹೇಳಿತ್ತು. ಆ ದಿನಾಂಕದ ಹಿಂದುಮುಂದು ವೆರ್ಣಾದಲ್ಲಿ ಹೊರಗಿನ ಲ್ಯಾಬ್‌ಗಳ ಸರತಿ ನೋಡಿದವರಿಗೆ ಟ್ರಿಪಲ್ ಕ್ವಾಡ್ ಸಮಯದ ಬೆಲೆ ಗೊತ್ತು. ಈಗ ನಮ್ಮ ಗೋದಾಮಿನಲ್ಲಿ ಲ್ಯಾಕ್ಟೋಸ್, ಸೆಲ್ಯುಲೋಸ್, ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್‌ಗಳ ಪ್ರತಿ ಲಾಟ್ ಹಳದಿ ಚೀಟಿಯಲ್ಲೇ ನಿಲ್ಲುತ್ತದೆ. ನೈಟ್ರೈಟ್ ಅಳೆದು, ಅದರ ಪಿಪಿಎಂ ಅನ್ನು ಮಾತ್ರೆಯಲ್ಲಿನ ಮಿಲಿಗ್ರಾಂನಿಂದ ಗುಣಿಸಿ, ಮೂರನ್ನೂ ಕೂಡಿಸಿ, ಮೊತ್ತ ನಾವು ಹಾಕಿಕೊಂಡ ನ್ಯಾನೊಗ್ರಾಂ ಗೆರೆಯೊಳಗಿದ್ದರೆ ಮಾತ್ರ ಹಸಿರು ಚೀಟಿ. ಒಂದು ಲಾಟ್ ಸ್ವಲ್ಪ ಹೆಚ್ಚಿದ್ದರೆ ಇನ್ನೊಂದರ ಕಡಿಮೆ ಲಾಟ್ ಜೊತೆ ಜೋಡಿಸಿ ಕಳಿಸಬಹುದು. ಹಾಗಾಗಿ ಸ್ಟೋರ್ಸ್‌ನ ಕಂಪ್ಯೂಟರಿನಲ್ಲಿ ಈಗ ಲಾಟ್ ಸಂಖ್ಯೆಯ ಪಕ್ಕ ಒಂದು ಹೊಸ ಕಾಲಂ ಇದೆ. ಜುಲೈನಲ್ಲಿ ಮಾಡಿದ ಹೊಸ ಸೂತ್ರದ ಬ್ಯಾಚಿನ ಆರು ತಿಂಗಳ ಮಾದರಿ ಚೇಂಬರಿನಿಂದ ಹೊರಬರುವುದು ಜನವರಿಯಲ್ಲಿ.